ಶರ್ವರಿ ‘ಅವ್ವಾ’ ಎಂದು ಕರೆದದ್ದು

ಬಿಬವೇವಾಡಿ, ಪುಣೆ
೯ ಜುಲೈ ೨೦೨೫, ಬುಧವಾರ

ಮಗಳೇ ಸುಲಭಾ,

ಅವ್ವನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಏಳನೆಯ ತಿಂಗಳೆಂದು ಕೇಳಿದೆ. ನೀನಾಗಿ ಹೇಳಲಿಲ್ಲ, ನಿಪ್ಪಾಣಿಯಿಂದ ಬಂದ ಯಾರೋ ಹೇಳಿದರು, ಇರಲಿ. ಕಾಲು ಬಾತುಕೊಂಡರೆ ಉಪ್ಪು ಕಡಿಮೆ ಮಾಡು. ಶರ್ವರಿ ಹೊಟ್ಟೆಯಲ್ಲಿದ್ದಾಗ ನೀನು ಕದ್ದು ಕದ್ದು ಹುಣಸೆಕಾಯಿ ತಿನ್ನುತ್ತಿದ್ದೆ, ನನಗೆ ಗೊತ್ತಿಲ್ಲವೆಂದುಕೊಂಡಿದ್ದೀಯೇನು? ಈಗ ಆ ಹುಡುಗಾಟ ಬೇಡ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು, ತಿಳಿಸುವಂತಿದ್ದರೆ.

ಮನೆಮನೆಗೆ ರೊಟ್ಟಿ ಬಡಿದುಕೊಡುವ ನನ್ನ ಕೆಲಸ ಹೇಗೋ ನಡೆದಿದೆ. ಬಲಗೈ ಮಣಿಕಟ್ಟು ಮಾತ್ರ ಕೈಕೊಟ್ಟಿದೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದರು ಡಾಕ್ಟರು, ರೊಟ್ಟಿ ತಾವೇ ಬಡಿದುಕೊಳ್ಳುತ್ತವೆ ಎನ್ನುವ ಹಾಗೆ! ಅದಕ್ಕೇ ಸರಕಾರಕ್ಕೆ ಒಂದು ಅರ್ಜಿ ಹಾಕಿದೆ. ತಂದೆ ತೀರಿಹೋಗಿ, ತಾಯಿ ಜೊತೆಗಿಲ್ಲದ ಮಗುವನ್ನು ಸಂಬಂಧಿಕರು ಸಾಕುತ್ತಿದ್ದರೆ ಅದರ ಖರ್ಚಿಗೆಂದು ತಿಂಗಳು ತಿಂಗಳು ಸಹಾಯಧನ ಕೊಡುತ್ತಾರಂತೆ. ಅದು ಬಂದರೆ ಅರ್ಧ ಮನೆಗಳ ರೊಟ್ಟಿ ಬಿಡಬಹುದು, ಶರ್ವರಿ ನನ್ನ ಹತ್ತಿರವೇ ಉಳಿಯಬಹುದು.

ಮನೆ ನೋಡಲು ಸ್ನೇಹಲ್ ಎಂಬ ಮೇಡಂ ಬಂದರು. ಸೊಲ್ಲಾಪುರದವರು, ನಾಲ್ಕು ಮಾತು ಕನ್ನಡ ಬರುತ್ತದೆ. ಆ ನಾಲ್ಕರಲ್ಲಿ ಒಂದು ನಮ್ಮನ್ನು ಕೆಡಿಸಿತು. ನಾನು ಒಳಗೆ ಹಂಚಿನ ಮುಂದಿದ್ದೆ. ಮನೆಯಲ್ಲಿ ಯಾರಿದ್ದಾರೆಂದು ಅವರು ಕೇಳಿದ್ದಕ್ಕೆ ನಿನ್ನ ಮಗಳು ಬಾಗಿಲಲ್ಲೇ ನಿಂತು, "ಒಳಗ ಅವ್ವ ಅದಾಳ್ರಿ, ರೊಟ್ಟಿ ಬಡಿಯಾಕತ್ತಾಳ" ಎಂದಳು. ನಾನು ಹೊರಗೆ ಬಂದೆ, ಚಹಾ ಕೊಟ್ಟೆ, ಅವರು ಏನೋ ಬರೆದುಕೊಂಡು ಹೋದರು. ಹದಿನೈದು ದಿನಕ್ಕೆ ಅರ್ಜಿ ವಾಪಸ್ ಬಂತು: ಮಗುವಿನ ತಾಯಿ ಮನೆಯಲ್ಲೇ ಇದ್ದಾಳೆ. ಮುದುಕಿ ಮಗಳನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು ತಾನೊಬ್ಬಳೇ ಹೊರಗೆ ಬಂದಳೆಂದು ತಿಳಿದುಕೊಂಡಿದ್ದರು.

ಕಚೇರಿಗೆ ಹೋಗಿ ಬಿಡಿಸಿ ಹೇಳಿದೆ. ನೀನು ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದುದನ್ನು ಕೇಳಿಯೇ ಮಗು ಹಾಗೆ ಕಲಿತಿದೆ, ನಿನ್ನನ್ನು ಮಮ್ಮಿ ಎನ್ನುತ್ತಿತ್ತು ಎಂದೆ. ಮೇಡಂ ಒಳ್ಳೆಯವರು, ನಾಚಿಕೊಂಡು ಅರ್ಜಿ ಮತ್ತೆ ತೆಗೆದುಕೊಂಡರು. ಆದರೆ ಇನ್ನೊಮ್ಮೆ ಮನೆ ನೋಡಲು ಬೇರೆಯವರು ಬರುತ್ತಾರೆ. "ಹುಡುಗಿಗೆ ಅಜ್ಜಿ ಅನ್ನಾಕ ಕಲಿಸ್ರಿ" ಎಂದರು. ಈ ಸಲವೂ ಆಗದಿದ್ದರೆ, ನಿಮ್ಮ ಕೈಯಲ್ಲಿ ಆಗದಿದ್ದರೆ, ಮಗುವನ್ನು ಮಕ್ಕಳ ಸಂಸ್ಥೆಯಲ್ಲಿ ಇಡಬಹುದು, ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದೂ ಹೇಳಿದರು. ನೋಡಿಕೊಳ್ಳಬಹುದು. ನಾನು ಮಾತ್ರ ಉಳಿಯುವುದಿಲ್ಲ.

ಎಂಟು ದಿನದಿಂದ ಅದೇ ಪಾಠ. ಅವ್ವಾ ಎಂದರೆ ನಾನು ಓಗೊಡುವುದಿಲ್ಲ. ಮೊನ್ನೆ ಬಚ್ಚಲಲ್ಲಿ ಜಾರಿಬಿದ್ದು "ಅವ್ವಾ" ಎಂದು ಚೀರಿದಳು. ಓಡಿಹೋಗಿ ಎತ್ತಿಕೊಂಡರೆ, ಅಳುತ್ತಲೇ ನನ್ನ ಮುಖ ನೋಡಿ, "ಅಜ್ಜಿ, ಅಜ್ಜಿ" ಎಂದು ತಿದ್ದಿಕೊಂಡಳು. ಸುಲಭಾ, ಆರು ವರ್ಷದ ಮಗು ಬಿದ್ದಾಗಲೂ ತಪ್ಪಿಲ್ಲದೆ ಅಳಬೇಕೇ?

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ವರ್ಷದಲ್ಲಿ ಒಮ್ಮೆ ಬಂದಿದ್ದೀಯ, ಅದೂ ಚಪ್ಪಲಿ ಬಿಚ್ಚಿ ಮತ್ತೆ ಹಾಕಿಕೊಳ್ಳುವಷ್ಟು ಹೊತ್ತು. ಆದರೆ ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವಳಿಗೆ ಮತ್ತೆ ಮದುವೆಯಾಗು ಎಂದವಳು ನಾನೇ. ಮದುವೆಯಾಗುವವರು ಮಗುವನ್ನು ಒಲ್ಲದಿದ್ದರೆ ನಾನಿದ್ದೇನೆ ಎಂದವಳೂ ನಾನೇ. ಯಾರನ್ನು ಬೈಯಲಿ?

ಹೆರಿಗೆ ಸುಸೂತ್ರವಾಗಲಿ. ಭಾರ ಎತ್ತಬೇಡ. ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ನಿನ್ನ ಅವ್ವ,
ಕಲ್ಲವ್ವ

ತಾ.ಕ.: ಇದನ್ನು ಮೊದಲೇ ಬರೆಯಲು ಕೈ ಬರಲಿಲ್ಲ, ಅಂಚೆಗೆ ಹೊರಟು ನಿಂತು ಬರೆಯುತ್ತಿದ್ದೇನೆ. ಮಗುವನ್ನು ನೀನು ಸಾಕುತ್ತಿಲ್ಲವೆಂದು ನಿನ್ನ ಕೈಯಿಂದಲೇ ಮರಾಠಿಯಲ್ಲಿ ಬರೆದು ಸಹಿ ಮಾಡಿದ ಕಾಗದ ಕಚೇರಿಗೆ ಬೇಕಂತೆ. ಈ ತಿಂಗಳೊಳಗೆ ಬರದಿದ್ದರೆ ಅರ್ಜಿ ಮುಗಿದ ಹಾಗೆ. ತಪ್ಪದೆ ಕಳಿಸು. ಸಾಕಲು ಆಗುತ್ತಿಲ್ಲ ಎಂದು ಬರೆ. ಮಗು ‘ನಕೋ’, ಬೇಡ, ಎಂಬ ಮಾತು ಎಲ್ಲಿಯೂ ಬರದಿರಲಿ. ಆ ಕಾಗದ ಅವಳ ಫೈಲಿನಲ್ಲಿ ಉಳಿಯುತ್ತದೆ, ಶರ್ವರಿ ಈಗ ಅಕ್ಷರ ಕೂಡಿಸಿ ಮರಾಠಿ ಓದುತ್ತಾಳೆ.