ಹೆಳವರು ಹಾಡಿದ ಹೆಸರು

ಸಾದಲಿ
೧೨-೨-೧೯೫೮

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ರಾಮಾಂಜಿನಪ್ಪನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ರೇಷ್ಮೆ ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಲು ಬಂದಿವೆ.

ನಿನ್ನೆ ವಂಶಾವಳಿ ಹೇಳುವ ಹೆಳವರು ಎತ್ತಿನ ಮೇಲೆ ಬಂದಿದ್ದರು. ಜಗಲಿಯಲ್ಲಿ ಕೂತು ಅಪ್ಪನ ತಾತ ಮುತ್ತಾತಂದಿರ ಹೆಸರನ್ನೆಲ್ಲ ಹಾಡಿ, "ಮುದ್ದಪ್ಪನೋರೇ, ನಿಮ್ಮಿಂದ ಮುಂದಕ್ಕೆ ಯಾರ ಹೆಸರು ಹೇಳ್ಲಿ?" ಎಂದು ಅಪ್ಪನನ್ನು ಕೇಳಿದರು. ನಾನೋ ನಿಮಗೆ ಹುಟ್ಟಿ, ಚಿಕ್ಕಂದಿನಲ್ಲೇ ಈ ಮನೆಗೆ ದತ್ತು ಬಂದವನು. ತಲೆ ತಗ್ಗಿಸಿ ಕೂತಿದ್ದೆ.

ಅಪ್ಪ ತಡಮಾಡಲಿಲ್ಲ. "ನನ್ನ ಮಗ ರಾಮಾಂಜಿ ಅಂತ ಹೇಳಪ್ಪ. ನನ್ನ ತಮ್ಮ ಮಂಚೇನಹಳ್ಳಿ ನರಸಿಂಹಪ್ಪ ಹೆತ್ತ ಮಗನ್ನ ಕೊಟ್ಟು ಈ ಮನೆ ಉಳಿಸ್ದ ಅಂತಾನೂ ಸೇರಿಸು. ಮೊಮ್ಮಕ್ಳಿಗೆ ಎರಡೂ ಗೊತ್ತಿರ್ಲಿ" ಎಂದರು. ಹೆಳವರು ಹಾಗೆಯೇ ಸೇರಿಸಿ ಮತ್ತೊಮ್ಮೆ ಹಾಡಿದರು. ಅಮ್ಮ ಮೊರದ ತುಂಬ ರಾಗಿ ತಂದು ಸುರಿದರು.

ಹೆಳವರು ಮುಂದಿನ ವಾರ ನಿಮ್ಮಲ್ಲಿಗೆ ಬರುತ್ತಾರೆ. ಕೊಟ್ಟ ಮಗನ ಮೇಲೆ ಹಕ್ಕು ತೋರಿಸಬಾರದೆಂದು ನೀವು ನನ್ನ ಮದುವೆಯಲ್ಲೂ ಹಿಂದೆಯೇ ನಿಂತಿರಿ. ಈ ಸಲ ಹಾಗೆ ಮಾಡಬೇಡಿ. ಎಷ್ಟು ಮಕ್ಕಳೆಂದು ಕೇಳಿದರೆ ನನ್ನ ಹೆಸರನ್ನೂ ಹೇಳಿ. ಹೀಗೆ ಬರೆಯೆಂದು ಅಪ್ಪನೇ ಹೇಳಿದರು. ಚಿಕ್ಕಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಹಾಡು ಕೇಳಿ.

ಇಂತಿ ನಿಮ್ಮ,
ರಾಮಾಂಜಿ