ಜಂಬಕ್ಕನ ಬಾವಿಗೆ ಎಷ್ಟು ಮಾರ್ಕ್ಸ್

11-3-2008, ಮಂಗಳವಾರ

ಮತ್ತೆ ಹದಿನಾಲ್ಕು ಕಿಲೋಮೀಟರ್. ಹೆಬ್ಬೆರಳಿನ ಗುಳ್ಳೆ ಒಡೆಯಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಇದು ಆರನೇ ಕೆಲಸ. ಲಾರಿ ಕ್ಲೀನರ್‌ಗಿಂತ ವಾಸಿ ಅಂತ ಸೇರಿದ್ದು...

ಮಾಗಳದ ಹೊಳೆ ದಂಡೆಯಿಂದ ಕೂಡ್ಲಿಗಿಗೆ ನೆಲದೊಳಗೆ ಗ್ಯಾಸ್ ಪೈಪ್ ಬರುತ್ತದಂತೆ. ಸಿಲಿಂಡರ್ ಗ್ಯಾಸ್ ಅಲ್ಲ, ಭೂಮಿಯಿಂದ ತೆಗೆದದ್ದು. ದಾರಿ ಮೂರು — ಹಗರಿಬೊಮ್ಮನಹಳ್ಳಿ ಮೇಲೆ, ಕೊಟ್ಟೂರು ಮೇಲೆ, ಹರಪನಹಳ್ಳಿ ಸುತ್ತಿ. ನಡೆದು ನೋಡಿ ಮಾರ್ಕ್ಸ್ ಹಾಕುವುದು ನನ್ನ ಕೆಲಸ. ಉದ್ದ, ಬಂಡೆ, ಮನೆ, ಬಾವಿ — ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ. ಅಡ್ಡಿ ಇಲ್ಲದಿದ್ದರೆ ಹತ್ತು, ಇದ್ದರೆ ಕಡಿಮೆ. ಮನೆ, ಬಾವಿಯ ಮಾರ್ಕ್ಸಿಗೆ ತೂಕ ಹೆಚ್ಚು. ಇಂಜಿನಿಯರ್ ಪ್ರವೀಣಕುಮಾರ್ ಸರ್ ಕಂಪ್ಯೂಟರಿನಲ್ಲಿ ಗುಣಿಸಿ ಕೂಡುತ್ತಾರೆ. ಜಾಸ್ತಿ ಬಂದ ದಾರಿ ಪಾಸ್.

ಇದು ಮುಗಿದರೆ ಹುಬ್ಬಳ್ಳಿ ಕಡೆ ಹೋಗಬೇಕು.

13-3, ಮಧ್ಯಾಹ್ನ 2

ಕೊಟ್ಟೂರು ದಾರಿ. ಬಿಸಿಲು ತಲೆ ಸೀಳುತ್ತಿದೆ. ಇನ್ನೂ ಎರಡು ಕಿಲೋಮೀಟರ್. ಸಾಕಾಯಿತು. ಹುಣಸೆ ಮರದ ಕೆಳಗೆ ಕೂತೆ. ಇಲ್ಲಿಂದಲೇ ಕಾಣುತ್ತದೆ — ಬರೀ ಎರೆ ಹೊಲ. ಮನೆ ಇಲ್ಲ, ಬಾವಿ ಇಲ್ಲ. ಎರಡಕ್ಕೂ ಹತ್ತು. ಬರೆದು ಮಲಗಿದೆ.

29-3, ಶನಿವಾರ

ಕೊಟ್ಟೂರು ದಾರಿ ಪಾಸ್. ಬರೀ ಮೂರು ಮಾರ್ಕ್ಸ್ ಅಂತರದಲ್ಲಿ.

ಇವತ್ತು ಪೈಪ್ ದಾರಿಗೆ ಗುರುತಿನ ಗೂಟ ಹೊಡೆಯಲು ಹೋದೆ. ಹುಣಸೆ ಮರ ದಾಟಿದ್ದು ಇದೇ ಮೊದಲು. ಬಾವಿ! ಕಟ್ಟೆಯಿಲ್ಲ, ನೆಲಕ್ಕೆ ಸಮ. ಹತ್ತಿರ ಹೋಗದೆ ಕಾಣುವುದಿಲ್ಲ. ಪೈಪ್ ಬರುವುದು ಸರಿಯಾಗಿ ಅದರ ಮೇಲೆ. ಆಚೆ ಗುಡ್ಡ, ಈಚೆ ಹಳ್ಳ, ಸರಿಸಲು ಜಾಗವಿಲ್ಲ.

ಮುದುಕಿ ಒಬ್ಬಳು ನೀರು ಸೇದುತ್ತಿದ್ದಳು. ಜಂಬಕ್ಕ ಅಂತ.

"ಗೂಟ ಯಾಕೋ ತಮ್ಮಾ, ಎಮ್ಮಿ ಕಟ್ತೀಯೇನು?"

ಹೇಳಿದೆ.

"ಬಾವಿ ಮುಚ್ಚತಾರಾ? ನನ್ ಗಂಡ ಐದು ಬ್ಯಾಸಗಿ ಅಗದಾನ ಇದನ್ನ. ಮೂರು ಹಟ್ಟಿ ಜನ ಇದರ ನೀರೇ ಕುಡಿಯಾದು. ಕಣ್ಣೀಲೆ ನೋಡಿಲ್ಲೇನು ನೀನು?"

ಗೂಟಗಳನ್ನು ಅಲ್ಲೇ ಬಿಟ್ಟೆ. ರೂಮಿಗೆ ಬಂದು ಬ್ಯಾಗ್ ತುಂಬಿದೆ. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಸ್ಸು.

30-3

ಬಸ್ಸು ಹತ್ತಲಿಲ್ಲ.

31-3, ಸೋಮವಾರ

ಸರ್‌ಗೆ ಹೇಳಿಬಿಟ್ಟೆ. ಕೂಗಾಡಲಿಲ್ಲ ಅವರು. ಕೂಗಾಡಿದ್ದರೆ ಚೆನ್ನಾಗಿತ್ತು.

"ಎರಡು ಕಿಲೋಮೀಟರ್ ಸುಳ್ಳು ಅಂದ್ಮೇಲೆ ಉಳಿದದ್ದನ್ನ ಹೆಂಗೆ ನಂಬ್ಲಿ ಹುಲುಗೇಶ? ಮೂರೂ ದಾರಿ ಮತ್ತೆ ನಡಿ. ಒಬ್ನೇ. ಆಮೇಲೆ ಈ ಕಡೆ ಬರಬೇಡ."

"ಬಾವಿಗೆ ಸೊನ್ನಿ ಬಿದ್ರ, ಸರ್?"

"ಕೊಟ್ಟೂರು ದಾರಿ ಬಿದ್ದೋಗುತ್ತೆ."

14-4, ಬೆಳಿಗ್ಗೆ 11

ಬಾವಿ ಹತ್ತಿರ. ಫಾರಂ ತೊಡೆಯ ಮೇಲೆ. ಜಂಬಕ್ಕ ಬಗ್ಗಿ ನೋಡಿದಳು.

"ನಮ್ ಬಾವಿಗೆ ಎಷ್ಟು ಹಾಕ್ತಿ?"

"ಸೊನ್ನಿ, ಯವ್ವಾ."

"ಸೊನ್ನಿ? ನಿನ್ ಬಾಯಾಗ ಮಣ್ ಬೀಳ್ಲಿ! ಇಂಥ ಸಿಹಿ ನೀರು ಈ ಸೀಮ್ಯಾಗ ಎಲ್ಲೈತಿ ತೋರ್ಸು. ಕುಡದು ನೋಡಿ ಹಾಕಲೇ ಮಾರ್ಕ್ಸು."

ಸೊನ್ನೆ ಬಿದ್ದರೇ ಬಾವಿ ಉಳಿಯುವುದು ಅಂತ ಎರಡು ಸಲ ಹೇಳಿದೆ. ನಂಬಲಿಲ್ಲ. ತಂಬಿಗೆ ಕೈಗಿಟ್ಟಳು. ಪೂರ್ತಿ ಕುಡಿದೆ. ಆಮೇಲೆ ಸೊನ್ನೆ ಬರೆದೆ.

ತಂಬಿಗೆ ಕಿತ್ತುಕೊಂಡಳು. ಕೊಡ ಹೊತ್ತು ಹೊರಟಳು. ಕೂಗಿದೆ, ತಿರುಗಿ ನೋಡಲಿಲ್ಲ.

ಹರಪನಹಳ್ಳಿ ದಾರಿ ಇನ್ನೂ ಬಾಕಿ. ಗುಳ್ಳೆ ಮತ್ತೆ ಎದ್ದಿದೆ. ನೀರು ಮಾತ್ರ ನಿಜಕ್ಕೂ ಸಿಹಿ.