ಸುಭಾಷನ ಮೊಬೈಲಿಗೆ ಬಂದ ಒಪ್ಪಿಗೆ

ಮಂಗಳವಾರ, ಜುಲೈ ೧೫. ಬನಹಟ್ಟಿ.

ಹಲ್ಲುನೋವೆಂದು ಮನೆಯಲ್ಲಿ ಹೇಳಿ ಮುಧೋಳದ ಮನೋವೈದ್ಯರ ಹತ್ತಿರ ಹೋಗಿದ್ದೆ. ಇನ್ನು ಆ ಸುಳ್ಳು ಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ವಿಮೆ ನೋಡಿಕೊಳ್ಳುವ ಹುಡುಗಿ ದನಿ ತಗ್ಗಿಸಿಯೇ ಹೇಳಿದಳು: “ನೀವು ಒಪ್ಪಿದ್ರಷ್ಟ ಕಂಪನಿಗೆ ರಿಪೋರ್ಟ್ ಹೋಗ್ತೈತ್ರಿ. ಬ್ಯಾರೆ ಯಾರಿಗೂ ಗೊತ್ತಾಗೂದಿಲ್ಲ. ಮೊಬೈಲಿಗೆ ಓಟಿಪಿ ಬಂದೈತಿ, ಹೇಳ್ರಿ.”

ನನ್ನ ಮೊಬೈಲಿಗೆ ಬಂದಿರಲಿಲ್ಲ. ವಿಮೆಯ ಕಾರ್ಡು ಮಾಡಿಸುವಾಗ ಮನೆಮಂದಿಗೆಲ್ಲ ಮೈದುನ ಸುಭಾಷನ ನಂಬರನ್ನೇ ಕೊಟ್ಟಿದ್ದೆವು. ಅವನಿಗೆ ಫೋನ್ ಮಾಡಿದೆ. ಮನೆಯ ಪಕ್ಕದ ಮಗ್ಗದ ಶೆಡ್ಡಿನಲ್ಲಿದ್ದ. ಮಗ್ಗಗಳ ಸದ್ದಿನಲ್ಲಿ ಕೂಗದಿದ್ದರೆ ಏನೂ ಕೇಳಿಸುವುದಿಲ್ಲ. ಕೂಗಿಯೇ ಓದಿದ: “ಮನೋರೋಗ ವಿಭಾಗದ ದಾಖಲೆ ಅಂತ ಬಂದೈತಿ ವೈನಿ! ನಿಮ್ದ ಏನ್ರಿ?” ಆಮೇಲೆ ಓಟಿಪಿ ಓದಿದ. ನಾನು ಅದನ್ನು ಹುಡುಗಿಗೆ ಹೇಳಿದೆ.

“ಆತ್ರಿ, ಸುರಕ್ಷಿತ ಹೋತು,” ಎಂದಳು.

ಮನೆಗೆ ಬಂದಾಗ ಹಲ್ಲಿನ ಮಾತು ಯಾರೂ ಎತ್ತಲಿಲ್ಲ. ಅತ್ತೆ ನನಗೆ ರೊಟ್ಟಿ ಬಡಿಯಲು ಬಿಡಲಿಲ್ಲ. ಅಳು ಬರಬೇಕಿತ್ತೇನೋ, ಬರಲಿಲ್ಲ.

ಈಗ ರಾತ್ರಿ ಪಾಳಿಯ ಮಗ್ಗಗಳನ್ನೂ ನಿಲ್ಲಿಸಿದ್ದಾರೆ. “ವೈನಿಗಿ ಛಲೋ ನಿದ್ದಿ ಬರ್ಲಿ,” ಎಂದು ಸುಭಾಷ ಹೊರಗೆ ಕೂಲಿಯವರಿಗೆ ಹೇಳುವುದು ಕೇಳಿಸಿತು. ಮದುವೆಯಾಗಿ ಬಂದಾಗಿನಿಂದ ಆ ಸದ್ದಿನಲ್ಲೇ ಮಲಗಿದವಳು ನಾನು. ಅದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ.